ತಾರಸಿ ಮೇಲೆ ಪಾಚಿ ಬೆಳೆದು ಎಣ್ಣೆ ತೆಗೆದೆ: ಐದು ತಿಂಗಳು, 5.8 ಗ್ರಾಂ

ಐದು ತಿಂಗಳು ಹಿಡಿದ ಕೆಲಸ ಮೊನ್ನೆ ಒಂದು ಹಂತಕ್ಕೆ ಬಂತು. ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಪಾಚಿಯಿಂದ ಡೀಸೆಲ್ ಮಾಡಬಹುದು ಅನ್ನೋ ವಿಡಿಯೋ ನೋಡಿ ಮನೇಲೇ ಶುರು ಮಾಡೋಣ ಅಂದುಕೊಂಡವರು ದಯವಿಟ್ಟು ಓದಿ. ಆ ವಿಡಿಯೋಗಳಲ್ಲಿ ಮೊದಲು ಹಸಿರು ನೀರು ತೋರಿಸುತ್ತಾರೆ, ಆಮೇಲೆ ನೇರವಾಗಿ ಬಾಟಲಿಯಲ್ಲಿ ಎಣ್ಣೆ ತೋರಿಸುತ್ತಾರೆ. ಅವೆರಡರ ಮಧ್ಯೆ ಏನಿದೆ ಅನ್ನೋದನ್ನು ಕಲಿಯೋದಕ್ಕೇ ನನಗೆ ಇಷ್ಟು ದಿನ ಬೇಕಾಯಿತು.

ನಾನು ತಿಪಟೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಂಗೆ ಎಣ್ಣೆ ಹಾಕಿ ಡೀಸೆಲ್ ಪಂಪ್‌ಸೆಟ್ ಓಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಎಕರೆ ಲೆಕ್ಕದಲ್ಲಿ ಹೊಂಗೆ, ತೆಂಗು, ಸೋಯಾ ಎಲ್ಲಕ್ಕಿಂತ ಪಾಚಿಯೇ ಜಾಸ್ತಿ ಎಣ್ಣೆ ಕೊಡಬಲ್ಲದು ಅಂತ ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಗುರಿ ಚಿಕ್ಕದಾಗೇ ಇಟ್ಟುಕೊಂಡೆ. 5 ಎಚ್‌ಪಿ ಪಂಪ್‌ಸೆಟ್ ಒಂದು ಗಂಟೆ ಓಡುವಷ್ಟು ಎಣ್ಣೆ, ಅಂದರೆ ಸುಮಾರು 1 ಲೀಟರ್, ಅಷ್ಟೇ.

ಹಂತ 1: ಬಾನಿಯ ನೀರು (ಜನವರಿ 12ರಿಂದ 30)

ಪಾಚಿ ಎಲ್ಲಿ ಸಿಗುತ್ತೆ? ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಬೇಕಾದಷ್ಟಿದೆ ಅಲ್ವಾ. ಅಲ್ಲಿಂದಲೇ ಎರಡು ಲೀಟರ್ ಹಸಿರು ನೀರು ತಂದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಐದು, ಹಳೆಯವು, ಒಂದಕ್ಕೆ ₹90ರಂತೆ ಕೊಂಡೆ. ಅಕ್ವೇರಿಯಂಗೆ ಹಾಕುವ ಗಾಳಿ ಪಂಪು, 18 ವ್ಯಾಟಿನದು, ₹650. ಪೈಪು, ಗಾಳಿ ಕಲ್ಲು ಸೇರಿ ₹180. ಒಂದು ಕ್ಯಾನಿಗೆ 18 ಲೀಟರ್ ನೀರು, 2 ಗ್ರಾಂ ಯೂರಿಯಾ, ಅರ್ಧ ಗ್ರಾಂ ಡಿಎಪಿ ಗೊಬ್ಬರ ಹಾಕಿ ಗಾಳಿ ಬಿಟ್ಟೆ.

ಆರು ದಿನಕ್ಕೆ ಚೆನ್ನಾಗಿ ಹಸಿರಾಯಿತು. ಖುಷಿಯಾಗಿ ಮನೆಯವರನ್ನೆಲ್ಲ ತಾರಸಿಗೆ ಕರೆದು ತೋರಿಸಿದೆ. ಹತ್ತನೇ ದಿನ ಬೆಳಿಗ್ಗೆ ನೋಡಿದರೆ ನೀರು ತಿಳಿಯಾಗಿದೆ. ಗೊಬ್ಬರ ಸಾಲದೇನೋ ಅಂತ ಇನ್ನೂ 1 ಗ್ರಾಂ ಯೂರಿಯಾ ಹಾಕಿದೆ. ಮಾರನೇ ದಿನ ಇನ್ನೂ ತಿಳಿ. ಒಂದು ಲೋಟ ನೀರು ತೆಗೆದು ಬಿಸಿಲಿಗೆ ಹಿಡಿದಾಗ ಕಾಣಿಸಿತು. ಸಾಸಿವೆ ಕಾಳಿಗಿಂತ ಚಿಕ್ಕ ಹುಳಗಳು, ಪುಟುಪುಟು ಅಂತ ಜಿಗಿಯುತ್ತಾ ನೀರಿನ ತುಂಬ ಇದ್ದವು. ನೀರ್ಚಿಗಟ ಅಂತಾರಲ್ಲ, ಡಾಫ್ನಿಯಾ. ಬಾನಿಯಿಂದ ಪಾಚಿಯ ಜೊತೆ ಅದನ್ನು ತಿನ್ನುವ ಹುಳವನ್ನೂ ನಾನೇ ತಂದಿದ್ದೆ, ಹತ್ತು ದಿನ ಅವಕ್ಕೆ ಮೇವು ಬೆಳೆದು ಹಾಕಿದ್ದೆ. ಐದೂ ಕ್ಯಾನ್ ಚೆಲ್ಲಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಒಣಗಿಸಿದೆ.

ಹಂತ 2: ಶುದ್ಧ ಬೀಜ (ಫೆಬ್ರವರಿ 4ರಿಂದ 24)

ನಮ್ಮಕ್ಕನ ಮಗಳು ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಅವಳ ಮೇಷ್ಟರನ್ನು ಕೇಳಿಕೊಂಡು, ಕಾಲೇಜಿನ ಲ್ಯಾಬಿನಿಂದ 250 ಮಿಲಿ ಕ್ಲೋರೆಲ್ಲಾ ತಂದುಕೊಟ್ಟಳು. ಇದು ಒಂದೇ ಕೋಶದ ದುಂಡನೆ ಪಾಚಿ. ಒಂದು ಕೋಶದ ಅಗಲ 2ರಿಂದ 10 ಮೈಕ್ರಾನ್, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಈ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ನನ್ನನ್ನು ಅಳಿಸಿದ್ದು ಇದೇ.

ತಪ್ಪು ಒಂದು: 250 ಮಿಲಿಯಲ್ಲಿ 150 ಮಿಲಿಯನ್ನು ಅವಸರದಲ್ಲಿ ನೇರವಾಗಿ 18 ಲೀಟರಿಗೆ ಹಾಕಿದೆ. ಅದೃಷ್ಟಕ್ಕೆ 100 ಮಿಲಿ ತೆಗೆದಿಟ್ಟಿದ್ದೆ. ಕ್ಯಾನನ್ನು ತಾರಸಿಯ ನಡು ಬಿಸಿಲಿನಲ್ಲಿ ಇಟ್ಟೆ. ಪಾಚಿ ತೆಳ್ಳಗಿದ್ದಾಗ ಒಂದು ಕೋಶಕ್ಕೆ ಇನ್ನೊಂದರ ನೆರಳು ಇರುವುದಿಲ್ಲ, ಪೂರ್ತಿ ಬಿಸಿಲು ಬಿದ್ದರೆ ಬಣ್ಣ ಹೋಗಿ ಸಾಯುತ್ತದೆ. ಎರಡೇ ದಿನಕ್ಕೆ ನೀರು ಬೆಳ್ಳಗಾಯಿತು.

ತಪ್ಪು ಎರಡು: ಆ ನೀರು ನೇರ ನಲ್ಲಿಯದು, ಕ್ಲೋರಿನ್ ವಾಸನೆ ಇತ್ತು. ಬಿಸಿಲು ಕೊಂದಿತೋ ಕ್ಲೋರಿನ್ ಕೊಂದಿತೋ ಅಂತ ಬೇರೆ ಮಾಡಿ ನೋಡಲು ಹೋಗಲಿಲ್ಲ, ಎರಡನ್ನೂ ಸರಿ ಮಾಡಿದೆ. ನೀರನ್ನು ಎರಡು ದಿನ ಬಾಯಿ ತೆರೆದ ಡ್ರಮ್ಮಿನಲ್ಲಿಟ್ಟು ಗಾಳಿ ಬಿಟ್ಟು ಆಮೇಲೆ ಬಳಸಿದೆ.

ಉಳಿದ 100 ಮಿಲಿಯನ್ನು ಹೆಪ್ಪು ಹಾಕುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆ. ಮೊದಲು ಅರ್ಧ ಲೀಟರ್, ಅದು ದಟ್ಟವಾದ ಮೇಲೆ 2 ಲೀಟರ್, ಆಮೇಲೆ 10, ಆಮೇಲೆ 18. ಪ್ರತಿ ಮೆಟ್ಟಿಲಿಗೂ ನಾಲ್ಕೈದು ದಿನ. ಐದು ಪಟ್ಟಿಗಿಂತ ಹೆಚ್ಚು ಒಂದೇ ಸಲ ತೆಳ್ಳಗೆ ಮಾಡಬಾರದು ಅನ್ನೋದು ನಾನು ಇಟ್ಟುಕೊಂಡ ನಿಯಮ. ₹300 ಕೊಟ್ಟು 50 ಪರ್ಸೆಂಟಿನ ನೆರಳು ಬಲೆ ಕಟ್ಟಿದೆ. ಇದಾದ ಮೇಲೆ ಒಂದು ಕ್ಯಾನೂ ಬಿಸಿಲಿಗೆ ಸಾಯಲಿಲ್ಲ.

ದಟ್ಟಣೆ ಅಳೆಯಲು ಯಂತ್ರ ಬೇಡ. ಒಂದು ಬಿಳಿ ಪ್ಲಾಸ್ಟಿಕ್ ಚಮಚವನ್ನು ಸ್ಕೇಲಿಗೆ ಅಡ್ಡಲಾಗಿ ಕಟ್ಟಿ ನೀರಲ್ಲಿ ಇಳಿಸುತ್ತಾ ಹೋಗುತ್ತೇನೆ. ಎಷ್ಟು ಆಳದಲ್ಲಿ ಚಮಚ ಕಾಣದಾಗುತ್ತದೋ ಅದನ್ನು ಬರೆದುಕೊಳ್ಳುತ್ತೇನೆ. 4 ಸೆಂಟಿಮೀಟರಿಗೆ ಮಾಯವಾದಾಗ ಲ್ಯಾಬಿನಲ್ಲಿ ಸೋಸಿ ಒಣಗಿಸಿ ತೂಗಿಸಿದೆ, ಒಂದು ಲೀಟರಿಗೆ 0.4 ಗ್ರಾಂ ಒಣ ಪಾಚಿ ಇತ್ತು. ಆಮೇಲೆ ಚಮಚವನ್ನೇ ನಂಬಿದೆ.

ಹಂತ 3: ಇಂಗಾಲದ ಗಾಳಿ ಕೊಡಲು ಹೋಗಿ (ಫೆಬ್ರವರಿ 25ರಿಂದ ಮಾರ್ಚ್ 6)

ಪಾಚಿಗೆ ಕಾರ್ಬನ್ ಡೈಆಕ್ಸೈಡ್ ಕೊಟ್ಟರೆ ಬೇಗ ಬೆಳೆಯುತ್ತದೆ. ಸಿಲಿಂಡರ್ ದುಬಾರಿ. ಬಾಟಲಿಯಲ್ಲಿ 200 ಗ್ರಾಂ ಸಕ್ಕರೆ, ಬೆಚ್ಚಗಿನ ನೀರು, ಒಂದು ಚಮಚ ಯೀಸ್ಟ್ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಪೈಪನ್ನು ಕ್ಯಾನಿಗೆ ಬಿಟ್ಟೆ. ಗುಳ್ಳೆ ಚೆನ್ನಾಗಿ ಬಂತು. ರಾತ್ರಿ ನೊರೆ ಉಕ್ಕಿ ಪೈಪಿನ ಒಳಗಿಂದ ಸಕ್ಕರೆ ನೀರೆಲ್ಲ ಕ್ಯಾನಿಗೆ ಹೋಯಿತು. ಎರಡನೇ ದಿನಕ್ಕೆ ಆ ಕ್ಯಾನು ಮಜ್ಜಿಗೆಯ ಹಾಗೆ ಬೆಳ್ಳಗಾಗಿ ಹುಳಿ ವಾಸನೆ ಬಂತು. ಸಕ್ಕರೆ ಸಿಕ್ಕಿದ ಕೂಡಲೆ ಬ್ಯಾಕ್ಟೀರಿಯಾ ಪಾಚಿಯನ್ನು ಮೀರಿಸಿತು. ಮಧ್ಯದಲ್ಲಿ ಒಂದು ಖಾಲಿ ಬಾಟಲಿ ಇಟ್ಟಿದ್ದರೆ ಉಕ್ಕಿದ್ದು ಅಲ್ಲೇ ನಿಲ್ಲುತ್ತಿತ್ತು. ಒಂದು ಕ್ಯಾನು ಹಾಳಾಯಿತು. ಅದನ್ನು ಮತ್ತೆ ಉಳಿದವುಗಳಿಂದ ತುಂಬಿಸಿಕೊಂಡೆ.

ಆಮೇಲೆ ಯೀಸ್ಟ್ ಬಿಟ್ಟು ಅಡುಗೆ ಸೋಡಾಕ್ಕೆ ಬಂದೆ, ಲೀಟರಿಗೆ ಅರ್ಧ ಗ್ರಾಂ. ಪಾಚಿ ಅದರಲ್ಲಿರುವ ಇಂಗಾಲವನ್ನೇ ಬಳಸಿಕೊಳ್ಳುತ್ತದೆ. ಸಂಜೆ ಹೊತ್ತಿಗೆ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 10ರ ಹತ್ತಿರ ಹೋಗುತ್ತಿತ್ತು, ಬೆಳಿಗ್ಗೆ 9ಕ್ಕಿಂತ ಕೆಳಗೆ ಇಳಿಯುತ್ತಿತ್ತು. ಅಳೆಯಲು ₹380ರ ಪೆನ್ ಮೀಟರ್.

ಹಂತ 4: ಕೊಯ್ಲು, ಮೊದಲ ಸಲ (ಮಾರ್ಚ್ 20ರಿಂದ 24)

ಐದು ಕ್ಯಾನು, 90 ಲೀಟರ್, ಎಲ್ಲ ಕಡು ಹಸಿರು. ಸೋಸಿದರೆ ಆಯಿತು ಅಂದುಕೊಂಡಿದ್ದೆ.

ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಮೇಲೆ ಹಸಿರು ನೀರು ಹಾಕಿದರೆ ಕೆಳಗೂ ಅದೇ ಹಸಿರು ನೀರು. ಎಂಟು ಮಡಿಕೆ ಮಾಡಿದೆ, ಅದೇ ಕಥೆ. ಬಟ್ಟೆಯ ಎಳೆಗಳ ಮಧ್ಯೆ ಇರುವ ಸಂದು ಈ ಕೋಶಕ್ಕೆ ಹೆಬ್ಬಾಗಿಲು ಇದ್ದ ಹಾಗೆ. ಲ್ಯಾಬಿನ ಫಿಲ್ಟರ್ ಕಾಗದ ಹಿಡಿಯಿತು, ಆದರೆ ಕಾಲು ಲೀಟರ್ ಸೋಸುವಷ್ಟರಲ್ಲಿ ಕಟ್ಟಿಕೊಂಡಿತು. 90 ಲೀಟರಿಗೆ 360 ಕಾಗದ ಬೇಕು. ಕ್ಯಾನುಗಳನ್ನು ಸುಮ್ನೆ ಇಟ್ಟರೆ ತಳಕ್ಕೆ ಕೂರಬಹುದು ಅಂತ ಗಾಳಿ ನಿಲ್ಲಿಸಿ ಎರಡು ದಿನ ಕಾದೆ. ತಳದಲ್ಲಿ ತೆಳುವಾಗಿ ಸ್ವಲ್ಪ ಕೂತಿತ್ತು, ಮೇಲಿನ ನೀರು ಹಸಿರಾಗೇ ಇತ್ತು.

ಕೊನೆಗೆ ನಮ್ಮಜ್ಜಿ ಕೆರೆ ನೀರಿಗೆ ಹಾಕುತ್ತಿದ್ದ ಸ್ಫಟಿಕ ನೆನಪಾಯಿತು. ಒಂದೊಂದು ಲೀಟರಿನ ನಾಲ್ಕು ಬಾಟಲಿ ಇಟ್ಟು 100, 200, 300, 500 ಮಿಲಿಗ್ರಾಂ ಹಾಕಿ ಕಲಕಿದೆ. 100ಕ್ಕೆ ಏನೂ ಆಗಲಿಲ್ಲ. 200ಕ್ಕೆ ಅರ್ಧಂಬರ್ಧ. 300ಕ್ಕೆ ಹತ್ತು ನಿಮಿಷದಲ್ಲಿ ಪಾಚಿ ಒಡೆದ ಹಾಲಿನ ಹಾಗೆ ಗಂಟು ಗಂಟಾಗಿ ತಳಕ್ಕೆ ಇಳಿಯಿತು. ಮೇಲೆ ತಿಳಿನೀರು. ಆ ದಿನ ನನಗೆ ಆದ ಸಂತೋಷ ದೊಡ್ಡದು. ಒಟ್ಟು 27 ಗ್ರಾಂ ಸ್ಫಟಿಕ ಹೋಯಿತು.

ತಿಳಿನೀರನ್ನು ಪೈಪಿನಲ್ಲಿ ಎಳೆದು ಹೊರಗೆ ಬಿಟ್ಟು, ತಳದ ಬಗ್ಗಡವನ್ನು ಪಂಚೆಯಲ್ಲಿ ಹಾಕಿ ಮೊಸರು ಕಟ್ಟಿದ ಹಾಗೆ ರಾತ್ರಿಯಿಡೀ ನೇತು ಹಾಕಿದೆ. ಬೆಳಿಗ್ಗೆ ಹಸಿರು ಮುದ್ದೆ. ಸ್ಟೀಲ್ ತಟ್ಟೆಗೆ ಹಪ್ಪಳದಷ್ಟು ತೆಳ್ಳಗೆ ಬಳಿದು ಎರಡು ದಿನ ಬಿಸಿಲಿಗಿಟ್ಟೆ. ಮೊದಲ ದಿನ ಮಧ್ಯಾಹ್ನ ಒಂದು ಕಡೆ ದಪ್ಪಗಿದ್ದದ್ದು ಕೊಳೆತು ವಾಸನೆ ಹಿಡಿದು ಪಕ್ಕದ ಮನೆಯವರು ಬಂದು ಕೇಳುವಂತಾಯಿತು. ತೆಳ್ಳಗೆ ಬಳಿಯಲೇಬೇಕು, 2 ಮಿಲಿಮೀಟರಿಗಿಂತ ಹೆಚ್ಚು ಬೇಡ.

ಒಣಗಿದ್ದು 38 ಗ್ರಾಂ. ತೂಗಿದ್ದು ₹450ರ ಪಾಕೆಟ್ ತಕ್ಕಡಿಯಲ್ಲಿ. ಅದರಲ್ಲಿ ನಾಲ್ಕೈದು ಗ್ರಾಂ ಸ್ಫಟಿಕದಿಂದ ಬಂದ ಅಲ್ಯೂಮಿನಿಯಂ ಕೆಸರು ಅಂತ ಲೆಕ್ಕದಲ್ಲಿ ಗೊತ್ತಾಯಿತು.

ಹಂತ 5: ಹಿಂಡುವ ಪ್ರಯತ್ನ (ಮಾರ್ಚ್ 27ರಿಂದ ಏಪ್ರಿಲ್ 3)

ತಿಪಟೂರು ಕೊಬ್ಬರಿ ಊರು, ಇಲ್ಲಿ ಎಣ್ಣೆ ತೆಗೆಯುವವರಿಗೆ ಬರವಿಲ್ಲ. ಪರಿಚಯದ ಮಿಲ್ಲಿಗೆ 38 ಗ್ರಾಂ ಪುಡಿ ತೆಗೆದುಕೊಂಡು ಹೋದೆ. ಅವರು ನಕ್ಕು ಕಳಿಸಲಿಲ್ಲ, ಕೈಯಲ್ಲಿ ತೆಗೆದುಕೊಂಡು ಉಜ್ಜಿ ನೋಡಿದರು. ‘ಜಿಡ್ಡೇ ಇಲ್ಲವಲ್ಲ’ ಅಂದರು. ಕೊಬ್ಬರಿಯಾದರೆ ನೂರು ಕಿಲೋಗೆ ಅರವತ್ತು ಕಿಲೋ ಮೇಲೆ ಎಣ್ಣೆ ಬರುತ್ತೆ. ಅಲ್ಲದೆ ಎಣ್ಣೆ ಹಿಂಡುವ ಯಂತ್ರ ಎಕ್ಸ್‌ಪೆಲ್ಲರ್‌ನ ಬಾಯಿಗೆ ಕಡಿಮೆ ಅಂದರೆ 20 ಕಿಲೋ ಬೀಳಬೇಕು, ಇಲ್ಲದಿದ್ದರೆ ಅದು ಕಚ್ಚುವುದೇ ಇಲ್ಲ.

ವಾಪಸ್ ಬಂದು 10 ಟನ್ ಬಾಟಲ್ ಜಾಕ್ ತೆಗೆದೆ. ಎರಡು ಇಂಚಿನ ಕಬ್ಬಿಣದ ಪೈಪು, ಒಳಗೆ ಸರಿಯಾಗಿ ಕೂರುವ ಬಿಲ್ಲೆ, ಕೆಳಗೆ ತೂತಿನ ತಟ್ಟೆ, ಸುತ್ತ ಚಾನೆಲ್ ಫ್ರೇಮು. 8 ಗ್ರಾಂ ಪುಡಿಯನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿದೆ. ಜಾಕಿನ ಹಿಡಿ ಬಾಗುವಷ್ಟು ಒತ್ತಿದರೂ ಹೊರಗೆ ಬಂದದ್ದು ಗಟ್ಟಿ ಬಿಲ್ಲೆ ಮಾತ್ರ, ಒಂದು ಹನಿ ಎಣ್ಣೆ ಇಲ್ಲ. ಸ್ವಲ್ಪ ನೀರು ಚಿಮುಕಿಸಿ ಮತ್ತೆ ಒತ್ತಿದಾಗ ಹಸಿರು ರಸ ಬಂತು, ಅದೂ ಎಣ್ಣೆಯಲ್ಲ. ಕೊಬ್ಬರಿಯಲ್ಲಿ ಎಣ್ಣೆ ಒತ್ತಡಕ್ಕೆ ಹರಿದು ಬರುತ್ತದೆ. ಇಲ್ಲಿ ಪ್ರತಿ ಹನಿಯೂ ಐದು ಮೈಕ್ರಾನಿನ ಗಟ್ಟಿ ಚೀಲದ ಒಳಗೆ ಕೂತಿದೆ. ಕೋಶದ ಗೋಡೆ ಒಡೆಯಲಿ ಅಂತ ಉಳಿದ ಪುಡಿಯನ್ನು ಮಿಕ್ಸಿಯಲ್ಲಿ ಹತ್ತು ನಿಮಿಷ ಅರೆದೆ, ನುಣ್ಣಗಾಯಿತು, ಅಷ್ಟೇ.

ಉಳಿದ ದಾರಿ ಹೆಕ್ಸೇನ್, ಎಣ್ಣೆಯನ್ನು ಕರಗಿಸಿ ಎಳೆಯುವ ದ್ರಾವಕ. ಇದನ್ನು ಮನೆಯಲ್ಲಿ ಮಾಡಬೇಡಿ. ಹೆಕ್ಸೇನ್ 69 ಡಿಗ್ರಿಗೇ ಕುದಿಯುತ್ತದೆ, ಅದರ ಆವಿ ನೆಲದ ಮೇಲೆ ಹರಿದು ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಒಲೆ ಪಕ್ಕ ಬಾಟಲಿ ಇಟ್ಟುಕೊಂಡು ಮಾಡುವವರ ವಿಡಿಯೋ ನೋಡಿ ನನಗೆ ಭಯವಾಯಿತು. ನಾನು ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟರು ನಿಂತಿದ್ದಾಗ, ಆವಿ ಎಳೆಯುವ ಗೂಡಿನ ಒಳಗೆ, ಸಾಕ್ಸ್‌ಲೆಟ್ ಅನ್ನೋ ಗಾಜಿನ ಸಾಮಾನಿನಲ್ಲಿ ಮಾಡಿಸಿದೆ. ಆರು ಗಂಟೆ. 30 ಗ್ರಾಂ ಪುಡಿಗೆ ಸಿಕ್ಕಿದ್ದು 1.3 ಗ್ರಾಂ. ನೂರಕ್ಕೆ ನಾಲ್ಕು ಚಿಲ್ಲರೆ. ಬಣ್ಣ ಕಪ್ಪು ಹಸಿರು, ತಣ್ಣಗಾದ ಮೇಲೆ ಮೇಣದ ಹಾಗೆ ಗಟ್ಟಿ. ಎಣ್ಣೆಯ ಜೊತೆ ಹಸಿರು ಬಣ್ಣವೂ ಕರಗಿ ಬಂದಿತ್ತು.

ಹಂತ 6: ಹೊಂಡ, ಮತ್ತು ಹಸಿವು (ಏಪ್ರಿಲ್ 12ರಿಂದ 30)

ಮೊದಲ ಸಲ ಎಣ್ಣೆ ಕಡಿಮೆ ಬಂದಿದ್ದಕ್ಕೆ ಕಾರಣ ನಾನು ಕೊನೇ ದಿನದವರೆಗೂ ಯೂರಿಯಾ ಕೊಟ್ಟಿದ್ದು. ಹೊಟ್ಟೆ ತುಂಬಿದ ಪಾಚಿ ಎರಡಾಗಿ ಒಡೆಯುತ್ತಾ ಹೋಗುತ್ತದೆ, ಎಣ್ಣೆ ಕೂಡಿಡುವುದಿಲ್ಲ. ಸಾರಜನಕ ಮುಗಿದಾಗ ಒಡೆಯುವುದು ನಿಂತು ಎಣ್ಣೆ ಕೂಡಿಡಲು ಶುರು ಮಾಡುತ್ತದೆ. ಹಾಗಾಗಿ ಈ ಸಲ ಯೂರಿಯಾವನ್ನು ಮೊದಲೇ ಅಳೆದು ಹಾಕಿ, ಆಮೇಲೆ ಏನೂ ಕೊಡಬಾರದು ಅಂತ ನಿರ್ಧರಿಸಿದೆ.

ಸಿಮೆಂಟ್ ಇಟ್ಟಿಗೆ ಸುತ್ತ ಜೋಡಿಸಿ 1.8 ಮೀಟರ್ ಉದ್ದ, 1.2 ಮೀಟರ್ ಅಗಲದ ಹೊಂಡ. ಒಳಗೆ ₹520ರ ಟಾರ್ಪಾಲು. ಉದ್ದಕ್ಕೆ ನಡುವೆ ಒಂದು ತಗಡು ನಿಲ್ಲಿಸಿ, ನೀರು ಓಟದ ಮೈದಾನದ ಹಾಗೆ ಸುತ್ತುವಂತೆ ಮಾಡಿದೆ. ಸುತ್ತಿಸಲು ಗುಜರಿಯಲ್ಲಿ ಸಿಕ್ಕ ಕಾರಿನ ವೈಪರ್ ಮೋಟರ್ ₹350, 12 ವೋಲ್ಟ್ ಸಪ್ಲೈ ₹280, ಪಿವಿಸಿ ಹಲಗೆಯ ನಾಲ್ಕು ರೆಕ್ಕೆಯ ಚಕ್ರ. ಈ ಭಾಗ ನನ್ನ ಕಸುಬಿನದು, ಒಂದೇ ದಿನದಲ್ಲಿ ಆಯಿತು. ಅಳೆದಾಗ 2 ಆಂಪಿಯರ್, ಅಂದರೆ 24 ವ್ಯಾಟ್. ಹಗಲು 12 ಗಂಟೆ ಮಾತ್ರ ಓಡಿಸಿದೆ. ಒಂದೇ ಎಡವಟ್ಟು: ಮೊದಲ ಚಕ್ರದ ಬುಶ್‌ಗೆ ಗ್ರೀಸ್ ಹಚ್ಚಿದ್ದೆ, ಅದು ನೀರಿಗಿಳಿದು ಮೇಲೆ ಪದರ ಕಟ್ಟಿತು. ಎಣ್ಣೆ ತೆಗೆಯುವ ನೀರಿಗೆ ಗ್ರೀಸ್ ಸೇರಿದರೆ ಲೆಕ್ಕವೇ ಸುಳ್ಳಾಗುತ್ತೆ. ಆ ನೀರೆಲ್ಲ ಚೆಲ್ಲಿ, ಹೊಂಡ ತೊಳೆದು, ನೈಲಾನ್ ಬುಶ್ ಹಾಕಿ ಮತ್ತೆ ತುಂಬಿದೆ.

10 ಸೆಂಟಿಮೀಟರ್ ಆಳ, ಬೀಜವೂ ಸೇರಿ 210 ಲೀಟರ್, ನೀರು ಬೋರಿನದು. ಯೂರಿಯಾ 12 ಗ್ರಾಂ, ಡಿಎಪಿ 6 ಗ್ರಾಂ, ಅಡುಗೆ ಸೋಡಾ 100 ಗ್ರಾಂ. ಬೀಜಕ್ಕೆ ಎರಡೂವರೆ ಕ್ಯಾನು.

ಹತ್ತನೇ ದಿನಕ್ಕೆ ಚಮಚ 4 ಸೆಂಟಿಮೀಟರಿಗೆ ಮಾಯ. ಹನ್ನೊಂದನೇ ದಿನದಿಂದ ಬಣ್ಣ ಬದಲಾಗಲು ಶುರುವಾಯಿತು. ಕಡು ಹಸಿರು ಹೋಗಿ ಎಳೆ ಬಾಳೆಲೆ ಬಣ್ಣ, ಆಮೇಲೆ ಹಳದಿ ಹಸಿರು. ಸಾಯುತ್ತಿದೆಯೋ ಏನೋ ಅಂತ ಎರಡು ಸಲ ಯೂರಿಯಾ ಡಬ್ಬಿಗೆ ಕೈ ಹಾಕಿ ವಾಪಸ್ ತೆಗೆದೆ. ದಟ್ಟಣೆ ಮಾತ್ರ ಆಮೇಲೆ ಹೆಚ್ಚು ಏರಲಿಲ್ಲ. ಇಲ್ಲಿ ಒಂದು ಕಟು ಸತ್ಯ ಇದೆ. ಎಣ್ಣೆಯ ಪಾಲು ಹೆಚ್ಚಾಗುತ್ತದೆ, ಆದರೆ ಬೆಳೆಯುವುದು ನಿಲ್ಲುತ್ತದೆ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ನಡೆಸಿದ ಪಾಚಿ ಇಂಧನ ಯೋಜನೆಯಲ್ಲಿ 3,000ಕ್ಕೂ ಹೆಚ್ಚು ತಳಿಗಳನ್ನು ಕೂಡಿಸಿ ನೋಡಿದ್ದರು. ಅವರಿಗೂ ಸಿಕ್ಕ ಉತ್ತರ ಇದೇ: ಹಸಿವಿನಲ್ಲಿಟ್ಟರೆ ಕೋಶದೊಳಗೆ ಎಣ್ಣೆ ಹೆಚ್ಚುತ್ತದೆ, ದಿನದ ಲೆಕ್ಕದಲ್ಲಿ ಒಟ್ಟು ಎಣ್ಣೆ ಹೆಚ್ಚುವುದಿಲ್ಲ.

ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಹೊಂಡದ ನೀರು 38 ಡಿಗ್ರಿ ಮುಟ್ಟಿತು. 40 ದಾಟಿದರೆ ಕ್ಲೋರೆಲ್ಲಾ ತಡೆಯಲ್ಲ. ನೆರಳು ಬಲೆಯನ್ನು ಕ್ಯಾನುಗಳಿಂದ ಬಿಚ್ಚಿ ಹೊಂಡಕ್ಕೆ ಕಟ್ಟಿದೆ. ದಿನಾ ಒಂದೂವರೆ ಕೊಡ ನೀರು ಆವಿಯಾಗುತ್ತಿತ್ತು, ಅದನ್ನು ತುಂಬುತ್ತಾ ಹೋದೆ. ಬೋರ್ ನೀರೇ ತುಂಬಿದೆ. ಅದು ತಪ್ಪು, ಯಾಕೆ ಅಂತ ಮುಂದೆ ಬರುತ್ತದೆ.

29ರ ರಾತ್ರಿ ಭರಣಿ ಮಳೆ ಹೊಡೆಯಿತು. ಮುಚ್ಚಲು ಏನೂ ಇಟ್ಟುಕೊಂಡಿರಲಿಲ್ಲ. ಬೆಳಿಗ್ಗೆ 3 ಸೆಂಟಿಮೀಟರ್ ಏರಿತ್ತು, ಅಂದರೆ 60 ಲೀಟರಿಗೂ ಹೆಚ್ಚು ಮಳೆ ನೀರು. ಪಾಚಿಗೆ ಏನೂ ಆಗಲಿಲ್ಲ, ಆದರೆ 210ರ ಬದಲು 270 ಲೀಟರ್ ನೀರನ್ನು ಬೇರೆ ಮಾಡುವ ಕೆಲಸ ಬಂತು.

ಹಂತ 7: ಸುಣ್ಣದ ಕೊಯ್ಲು (ಮೇ 1ರಿಂದ 9)

ಸ್ಫಟಿಕದ ಕೆಸರು ಬೇಡ ಅಂತ ಈ ಸಲ ಸುಣ್ಣ. ಗಡಸು ನೀರಿನಲ್ಲಿ ಪಿಎಚ್ 11ರ ಹತ್ತಿರ ಒಯ್ದರೆ ಪಾಚಿ ತಾನೇ ಗಂಟು ಕಟ್ಟುತ್ತದೆ. ಮೀಟರ್ ನೋಡುತ್ತಾ ಸ್ವಲ್ಪ ಸ್ವಲ್ಪ ಸುಣ್ಣದ ಹಾಲು ಹಾಕಿದೆ, ಒಟ್ಟು 80 ಗ್ರಾಂ ಹಿಡಿಯಿತು. ಅರ್ಧ ಗಂಟೆಯಲ್ಲಿ ಎಲ್ಲ ತಳಕ್ಕೆ. ತುಂಬ ಚೆನ್ನಾಗಿ ಕೂತಿತು, ಸ್ಫಟಿಕಕ್ಕಿಂತ ಬೇಗ. ಬಗ್ಗಡ 22 ಲೀಟರ್. ಪಂಚೆಯಲ್ಲಿ ನೇತು ಹಾಕಿ, ಬಳಿದು, ಒಣಗಿಸಿದೆ.

ತೂಗಿದರೆ 168 ಗ್ರಾಂ!

270 ಲೀಟರಿನಲ್ಲಿ ಅಷ್ಟು ಪಾಚಿ ಇರಲು ಸಾಧ್ಯವೇ ಇಲ್ಲ, ಚಮಚದ ಲೆಕ್ಕದಲ್ಲಿ 85 ಗ್ರಾಂ ಮೀರಬಾರದು. ಎರಡು ದಿನ ತಕ್ಕಡಿಯನ್ನೇ ಬೈದುಕೊಂಡೆ. ಆಮೇಲೆ ಪುಡಿಯ ಬಣ್ಣ ಮಸುಕಾಗಿದೆ ಅನ್ನಿಸಿ ಒಂದು ಚಿಟಿಕೆ ಮೇಲೆ ನಿಂಬೆ ರಸ ಹಿಂಡಿದೆ. ಬುಸ್ ಅಂತ ನೊರೆ ಬಂತು. ಸೀಮೆಸುಣ್ಣ. ಬೋರ್ ನೀರಿನ ಗಡಸು, ನಾನು ಹಾಕಿದ ಸೋಡಾ, ಆಮೇಲೆ ಸುಣ್ಣ, ಮೂರೂ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಪಾಚಿಯ ಜೊತೆ ಇಳಿದಿತ್ತು. ಹದಿನೆಂಟು ದಿನ ಆವಿಯಾದ ನೀರಿನ ಜಾಗಕ್ಕೆ ಬೋರ್ ನೀರು ತುಂಬಿದ್ದರಿಂದ ಗಡಸು ಇನ್ನೂ ಏರಿತ್ತು. ಯಾರಾದರೂ ಮನೆಯಲ್ಲಿ ಪಾಚಿ ಬೆಳೆದು ಇಷ್ಟು ಗ್ರಾಂ ಬಂತು ಅಂದರೆ, ದಯವಿಟ್ಟು ಮೊದಲು ಹುಳಿ ಹಿಂಡಿ ನೋಡಿ ಅಂತ ಹೇಳಿ.

ಲ್ಯಾಬಿನಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ನೀರಲ್ಲಿ ತೊಳೆದು, ಮತ್ತೆ ಒಣಗಿಸಿದಾಗ ಉಳಿದದ್ದು 68 ಗ್ರಾಂ. ಒಂದು ಗ್ರಾಂ ಪಾಚಿಗೆ ನಾಲ್ಕು ಲೀಟರ್ ನೀರನ್ನು ಬೇರೆ ಮಾಡಿದ್ದೇನೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಅಳತೆ ಇದು. ಬೆಳೆಸುವುದಕ್ಕೆ ಕಷ್ಟಪಟ್ಟದ್ದು ಕಾಲು ಭಾಗ, ಉಳಿದ ಮುಕ್ಕಾಲು ನೀರಿನ ಜೊತೆ ಗುದ್ದಾಟ.

ಹಂತ 8: ಎಣ್ಣೆ ಮತ್ತು ದೀಪ (ಮೇ 17, 18)

68 ಗ್ರಾಂ, ಹೆಕ್ಸೇನ್, ಆರು ಗಂಟೆ. 5.8 ಗ್ರಾಂ ಎಣ್ಣೆ. ನೂರಕ್ಕೆ ಎಂಟೂವರೆ. ಮೊದಲ ಸಲಕ್ಕಿಂತ ಎರಡು ಪಟ್ಟು ಪಾಲು, ಹಸಿವಿನಲ್ಲಿಟ್ಟದ್ದು ಕೆಲಸ ಮಾಡಿತು. ಬಣ್ಣವೂ ಸ್ವಲ್ಪ ತಿಳಿ, ಕಂದು ಹಸಿರು. ಇದನ್ನು ಮೆಥನಾಲ್ ಹಾಕಿ ಬಯೋಡೀಸೆಲ್ ಮಾಡಬೇಕು ಅಂತಿದ್ದೆ. ಇಷ್ಟು ಕಡಿಮೆಗೆ ಮಾಡಿದರೆ ಪಾತ್ರೆಗೆ ಅಂಟಿಕೊಂಡೇ ಮುಗಿದು ಹೋಗುತ್ತೆ ಅಂತ ಮೇಷ್ಟರು ಬೇಡ ಅಂದರು.

ಲ್ಯಾಬಿನಲ್ಲೇ ಹೆಕ್ಸೇನನ್ನು ಪೂರ್ತಿ ಹಾರಿಸಿ, ವಾಸನೆ ಇಲ್ಲದ ಮೇಲೆ ಮನೆಗೆ ತಂದೆ. 3 ಗ್ರಾಂ ತೆಗೆದು ಚಿಕ್ಕ ಸ್ಟೀಲ್ ದೀಪಕ್ಕೆ ಹಾಕಿದೆ. ಮಣ್ಣಿನ ಹಣತೆಯಾದರೆ ಎಣ್ಣೆಯನ್ನು ಅದೇ ಕುಡಿದುಬಿಡುತ್ತದೆ. ತಣ್ಣಗೆ ಮೇಣದ ಹಾಗಿದ್ದರಿಂದ ಬತ್ತಿ ಎಳೆಯಲಿಲ್ಲ, ಎರಡು ಸಲ ಆರಿತು. ದೀಪವನ್ನು ಬಿಸಿ ನೀರಿನ ಬಟ್ಟಲಲ್ಲಿ ಇಟ್ಟಾಗ ಹತ್ತಿಕೊಂಡಿತು. ಹೊಗೆ ಇತ್ತು, ಬತ್ತಿಯ ತುದಿಯಲ್ಲಿ ಮಸಿ ಕಟ್ಟಿತು, ಕೆರೆಯ ವಾಸನೆ ಬಂತು. ಆದರೂ ಉರಿಯಿತು. 47 ನಿಮಿಷ. ಉಳಿದ 2.8 ಗ್ರಾಂ ಬಾಟಲಿಯಲ್ಲಿಟ್ಟಿದ್ದೇನೆ.

ಲೆಕ್ಕ

ಕ್ಯಾನು, ಪಂಪು, ಪೈಪು, ಟಾರ್ಪಾಲು, ಮೋಟರ್, ಸಪ್ಲೈ, ಮೀಟರ್, ತಕ್ಕಡಿ, ಬಲೆ, ಜೊತೆಗೆ ಗೊಬ್ಬರ ಮತ್ತು ಸೋಡಾಕ್ಕೆ ₹60, ಸ್ಫಟಿಕ ಮತ್ತು ಸುಣ್ಣಕ್ಕೆ ₹70. ಒಟ್ಟು ₹3,690. ಲ್ಯಾಬಿನ ಖರ್ಚು ಸೇರಿಲ್ಲ, ನನ್ನ ದುಡಿಮೆಯೂ ಸೇರಿಲ್ಲ.

ಹಣಕ್ಕಿಂತ ವಿದ್ಯುತ್ ಲೆಕ್ಕ ನೋಡಿ. ಚಕ್ರ 24 ವ್ಯಾಟ್, ದಿನಕ್ಕೆ 12 ಗಂಟೆ, 18 ದಿನ, ಅಂದರೆ 5.2 ಯೂನಿಟ್. ಸಿಕ್ಕ 5.8 ಗ್ರಾಂ ಎಣ್ಣೆಯಲ್ಲಿ ಇರುವ ಶಕ್ತಿ ಸುಮಾರು 0.06 ಯೂನಿಟ್. ನೀರು ಕಲಕಲು ಕೊಟ್ಟದ್ದರಲ್ಲಿ ಎಂಬತ್ತಕ್ಕೆ ಒಂದು ಪಾಲೂ ವಾಪಸ್ ಬಂದಿಲ್ಲ. ಸಾಕ್ಸ್‌ಲೆಟ್ಟಿನ 300 ವ್ಯಾಟ್ ಹೀಟರ್ ಆರು ಗಂಟೆ ಓಡಿದ್ದು ಬೇರೆ 1.8 ಯೂನಿಟ್. ಪಂಪ್‌ಸೆಟ್ ಒಂದು ಗಂಟೆ ಓಡಿಸಲು ಇದೇ ಹೊಂಡವನ್ನು ಸುಮಾರು 160 ಸಲ ಕೊಯ್ಯಬೇಕು.

ನನ್ನ ಹೊಂಡದ ಇಳುವರಿ ಚದರ ಮೀಟರಿಗೆ ದಿನಕ್ಕೆ 1.75 ಗ್ರಾಂ ಒಣ ಪಾಚಿ. ಅದೇ ಅಮೆರಿಕದ ಯೋಜನೆಯವರು ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ 1,000 ಚದರ ಮೀಟರಿನ ಹೊಂಡಗಳಲ್ಲಿ ಬೆಳೆದಾಗ ಒಳ್ಳೆಯ ದಿನ 50 ಗ್ರಾಂ ಬಂದದ್ದುಂಟು, ಸರಾಸರಿ ಮಾತ್ರ 10ರ ಹತ್ತಿರ. ‘ಎಕರೆಗೆ ಇಷ್ಟು ಸಾವಿರ ಲೀಟರ್’ ಅನ್ನೋ ಮಾತೆಲ್ಲ ಹುಟ್ಟುವುದು ಆ ಒಳ್ಳೆಯ ದಿನವನ್ನು 365ರಿಂದ ಗುಣಿಸಿದಾಗ. ಎಕ್ಸಾನ್‌ಮೊಬಿಲ್ ಕಂಪನಿ 2009ರಲ್ಲಿ ಪಾಚಿ ಇಂಧನಕ್ಕೆ 60 ಕೋಟಿ ಡಾಲರ್‌ವರೆಗೆ ಹಾಕುತ್ತೇವೆ ಅಂತ ಹೊರಟು, 2023ರ ಹೊತ್ತಿಗೆ ಅದರಿಂದ ಹಿಂದೆ ಸರಿಯಿತು.

ಹೋಲಿಕೆಗೆ ಅಂತ ಅದೇ ವಾರ ಎರಡು ಕಿಲೋ ಹೊಂಗೆ ಬೀಜ ಕೊಂಡು ಗಾಣಕ್ಕೆ ಕೊಟ್ಟೆ. ಬೇರೆಯವರ ಬೀಜದ ಜೊತೆ ಸೇರಿಸಿ ಆಡಿಸಿ ಅರ್ಧ ಲೀಟರ್ ಎಣ್ಣೆ, ಒಂದೂವರೆ ಕಿಲೋ ಹಿಂಡಿ ಕೊಟ್ಟರು. ಹಿಂಡಿ ತೆಂಗಿನ ಮರಕ್ಕೆ ಹೋಯಿತು. ನೀರು ಬೇರೆ ಮಾಡುವ ಕೆಲಸ ಮರವೇ ಮಾಡಿಕೊಟ್ಟಿದೆ, ಬೀಜ ಒಣಗೇ ಉದುರುತ್ತದೆ.

ಇಷ್ಟಾದರೂ ಪಾಚಿಯನ್ನು ಬಿಡುವ ಮನಸ್ಸು ನನಗಿಲ್ಲ. ಕೋಶ ಒಡೆಯದೆ ಎಣ್ಣೆ ಪಡೆಯುವ ದಾರಿ ಹುಡುಕಿದವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ವಿಜ್ಞಾನಿಗಳು 2009ರಲ್ಲಿ ಡಯಾಟಂ ಅನ್ನೋ ಒಂದೇ ಕೋಶದ ಪಾಚಿಯನ್ನು ಕೊಲ್ಲದೆ, ಹಸುವಿನ ಹಾಲು ಕರೆದ ಹಾಗೆ ಎಣ್ಣೆ ಕರೆಯುವ ಯೋಚನೆ ಮುಂದಿಟ್ಟರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬೊಟ್ರಿಯೊಕಾಕಸ್ ಅನ್ನೋ ಪಾಚಿಯ ಮೇಲೆ ಕೆಲಸ ಆಗಿದೆ. ಅದು ಎಣ್ಣೆಯಂಥ ಹೈಡ್ರೋಕಾರ್ಬನ್ನನ್ನು ಕೋಶದ ಹೊರಗೇ ಕೂಡಿಡುತ್ತದೆ, ಗುಂಪು ಗುಂಪಾಗಿ ಬೆಳೆಯುವುದರಿಂದ ಬಟ್ಟೆಯಲ್ಲಿ ನಿಲ್ಲುವ ಸಾಧ್ಯತೆಯೂ ಜಾಸ್ತಿ. ಬೆಳೆಯುವುದು ಮಾತ್ರ ಬಹಳ ನಿಧಾನ.

ಮೇ 25ರಿಂದ ಹೊಂಡ ಮತ್ತೆ ತುಂಬಿದೆ. ಈ ಸಲ ಬೋರ್ ನೀರು ಪೂರ್ತಿ ಬಿಟ್ಟೆ, ತಾರಸಿಯ ಮಳೆ ನೀರು ಡ್ರಮ್ಮಿನಲ್ಲಿ ಹಿಡಿದು ಅದನ್ನೇ ಹಾಕಿದ್ದೇನೆ. ಚಕ್ರ ಬಿಚ್ಚಿಟ್ಟಿದ್ದೇನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪೊರಕೆಯ ಹಿಡಿಯಿಂದ ಐದೈದು ನಿಮಿಷ ಕೈಯಲ್ಲೇ ಕಲಕುತ್ತೇನೆ. ಮಳೆ ಬಂದರೆ ಎಳೆಯಲು ಒಂದು ಪಾಲಿಥೀನ್ ಹಾಳೆ ಕೋಲಿಗೆ ಸುತ್ತಿ ಪಕ್ಕದಲ್ಲೇ ಇದೆ. ಯೂರಿಯಾ 12 ಗ್ರಾಂ ಒಂದೇ ಸಲ. ಇಂದಿಗೆ ಆರನೇ ದಿನ, ಚಮಚ 9 ಸೆಂಟಿಮೀಟರಿಗೆ ಕಾಣದಾಗುತ್ತಿದೆ.